ಇಳಕಲ್ ಸೀರೆಯ ಫೋಟೋ ಎಲ್ಲ ಬ್ರೌಸರ್‌ನಲ್ಲೂ ಕಾಣುವಂತೆ ಮಾಡಿದ್ದು

ಬಾಗಲಕೋಟೆ ಜಿಲ್ಲೆಯ ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಸೀರೆ ಅಂಗಡಿಗಳೇ ಜಾಸ್ತಿ. ಆನ್‌ಲೈನ್‌ನಲ್ಲಿ ಸೀರೆ ಅಂದರೆ ಫೋಟೋ, ಅಲ್ವಾ? ಬಣ್ಣ ಸರಿಯಾಗಿ ಕಾಣದಿದ್ದರೆ ಗಿರಾಕಿ ಮುಂದೆ ಹೋಗಿಬಿಡುತ್ತಾರೆ.

ಇಳಕಲ್‌ನ ಸಾವುಕಾರರೊಬ್ಬರ ಮಗ ತನ್ನ ಫೋನಿನಲ್ಲಿ ತೆಗೆದ ಫೋಟೋಗಳನ್ನು ಇದ್ದ ಹಾಗೇ ಸೈಟಿಗೆ ಏರಿಸಿದ್ದ. "ಅವನ ಫೋನಿನ್ಯಾಗ ಕಾಣತಾವ, ನನ್ನದ್ರಾಗ ಯಾಕ ಕಾಣವಲ್ವೋ ತಮ್ಮಾ?" ಅಂತ ಸಾವುಕಾರರು ಕೇಳಿದರು. ಅವು ಎಚ್‌ಇಐಸಿ ಫೋಟೋಗಳು, ಅಂದರೆ ಫೋಟೋವನ್ನು ಫೈಲಾಗಿ ಉಳಿಸುವ ಒಂದು ಬಗೆಯ ಫಾರ್ಮ್ಯಾಟ್. ಐಫೋನ್ ಕ್ಯಾಮೆರಾ 2017ರಿಂದ ಇದನ್ನು ಬಳಸುತ್ತಿದೆ. ಆಪಲ್‌ನ ಬ್ರೌಸರ್ ಸಫಾರಿ 2023ರಿಂದ ತೋರಿಸುತ್ತದೆ, ಕ್ರೋಮ್, ಫೈರ್‌ಫಾಕ್ಸ್ ತೋರಿಸುವುದಿಲ್ಲ.

ಕಾರಣ ದುಡ್ಡು. ಎಚ್‌ಇಐಸಿ ಒಳಗಿರುವ, ಚಿತ್ರವನ್ನು ಚಿಕ್ಕದು ಮಾಡುವ ಎಚ್‌ಇವಿಸಿ ತಂತ್ರಕ್ಕೆ ಹಲವು ಕಂಪನಿಗಳ ಪೇಟೆಂಟ್ ಇದೆ, ಬಳಸುವವರು ಶುಲ್ಕ ಕಟ್ಟಬೇಕು. ಅದನ್ನು ತಪ್ಪಿಸಲು ಗೂಗಲ್, ಮೊಜಿಲ್ಲಾ, ಮೈಕ್ರೋಸಾಫ್ಟ್, ನೆಟ್‌ಫ್ಲಿಕ್ಸ್ ಮುಂತಾದವು 2015ರಲ್ಲಿ ಒಂದು ಒಕ್ಕೂಟ ಕಟ್ಟಿದವು. ಅಲ್ಲಿಂದ ಬಂದದ್ದೇ ಎವಿಫ್ ಅನ್ನುವ ಶುಲ್ಕವಿಲ್ಲದ ಫೋಟೋ ಫಾರ್ಮ್ಯಾಟ್. ಅದೂ ಎಲ್ಲ ಕಡೆ ಒಟ್ಟಿಗೆ ಬರಲಿಲ್ಲ. ಕ್ರೋಮ್‌ಗೆ 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿಗೆ 2022ರಲ್ಲಿ ಬಂತು. ಮೈಕ್ರೋಸಾಫ್ಟ್‌ನ ಬ್ರೌಸರ್ ಎಡ್ಜ್‌ನ ಒಳಗಿರುವುದು ಕ್ರೋಮ್‌ನ ಎಂಜಿನ್ನೇ. ಆದರೂ ಅದು 2024ರವರೆಗೆ ಕಾಯಿತು.

ನಾನು ಮಾಡಿದ್ದು ಇಷ್ಟು. ಫೋಟೋ ಏರಿಸಿದ ಕೂಡಲೇ ಸರ್ವರ್‌ನಲ್ಲಿ ಎವಿಫ್, ವೆಬ್‌ಪಿ, ಜೆಪೆಗ್ ಎಂಬ ಮೂರು ಫಾರ್ಮ್ಯಾಟ್‌ಗಳಲ್ಲಿ ಅದರ ಪ್ರತಿಗಳು ತಯಾರಾಗುತ್ತವೆ. ಪುಟದ ಕೋಡ್‌ನಲ್ಲಿ ಪಿಕ್ಚರ್ ಟ್ಯಾಗ್ ಹಾಕಿ (ಒಂದೇ ಫೋಟೋದ ಹಲವು ಪ್ರತಿಗಳನ್ನು ಬ್ರೌಸರ್ ಮುಂದಿಡುವ ಗುರುತು ಅದು) ಅದೇ ಕ್ರಮದಲ್ಲಿ ಬರೆಯುತ್ತೇನೆ. ಬ್ರೌಸರ್ ಮೇಲಿನಿಂದ ನೋಡುತ್ತಾ ಬಂದು ತನಗೆ ತಿಳಿಯುವ ಮೊದಲನೆಯದನ್ನು ಎತ್ತಿಕೊಳ್ಳುತ್ತದೆ. ಏನೂ ತಿಳಿಯದ ಹಳೇ ಫೋನಿಗೆ ಜೆಪೆಗ್ ಇದ್ದೇ ಇದೆ. ಯಾವ ಬ್ರೌಸರ್ ಅಂತ ಹೆಸರು ಕೇಳುವ ಕೋಡ್ ಬೇಡವೇ ಬೇಡ.

ನಿಜವಾದ ತಲೆಬಿಸಿ ಸೆರಗಿನದು. ತೋಪ ತೆನಿ ಸೆರಗಿನಲ್ಲಿ ಕೆಂಪು, ಬಿಳಿ ತೆನೆಗಳು ಒಂದರೊಳಗೊಂದು ಹೊಕ್ಕಿರುತ್ತವೆ. ಮಾಮೂಲಿ ವೆಬ್‌ಪಿ ಹೊಳಪನ್ನು ಫೋಟೋದ ಪ್ರತಿ ಚುಕ್ಕೆಗೂ (ಪಿಕ್ಸೆಲ್‌ಗೂ) ಇಟ್ಟುಕೊಳ್ಳುತ್ತದೆ, ಬಣ್ಣವನ್ನು ಮಾತ್ರ ನಾಲ್ಕು ಚುಕ್ಕೆಗೆ ಒಂದರಂತೆ. ಹಾಗಾಗಿ ತೆನೆಯ ಚೂಪು ತುದಿಯಲ್ಲಿ ಕೆಂಪು ಬಿಳಿಯೊಳಗೆ ಇಳಿದು ಮಂಕಾಗುತ್ತದೆ. ನೇಕಾರರ ಕೈಚಳಕ ಇರುವುದೇ ಆ ತುದಿಯಲ್ಲಿ! ಎವಿಫ್, ಜೆಪೆಗ್ ಎರಡರಲ್ಲೂ 4:4:4 ಅನ್ನುವ ಆಯ್ಕೆ ಇದೆ, ಬಣ್ಣವೂ ಪೂರ್ತಿ ಉಳಿಯುತ್ತದೆ. ಸೆರಗು, ದಡಿಯ ಹತ್ತಿರದ ಫೋಟೋಗಳಿಗೆ ವೆಬ್‌ಪಿ ಬಿಟ್ಟು ಇವೆರಡನ್ನೇ ಇಟ್ಟೆ. ಫೈಲ್ ಸ್ವಲ್ಪ ದೊಡ್ಡದಾಗುತ್ತದೆ, ಆಗಲಿ.

ಜೆಪೆಗ್ ಎಕ್ಸ್‌ಎಲ್ ಅನ್ನುವ ಇನ್ನೊಂದು ಫಾರ್ಮ್ಯಾಟ್ ಎಲ್ಲ ಬ್ರೌಸರ್‌ನಲ್ಲೂ ಇದ್ದಿದ್ದರೆ ಇನ್ನೂ ಸುಲಭವಿತ್ತು. ಹಳೇ ಜೆಪೆಗ್‌ಗಳನ್ನು ಏನೂ ಕಳೆಯದೆ ಚಿಕ್ಕದು ಮಾಡುತ್ತದೆ. ಅದು ಐಎಸ್‌ಒ ಮಾನದಂಡವೂ ಹೌದು. ಅಡೋಬಿ, ಫೇಸ್‌ಬುಕ್‌ನವರು ಬೇಕು ಅಂತ ಬಹಿರಂಗವಾಗಿಯೇ ಹೇಳಿದ್ದರು. ಆದರೂ 'ಸಾಕಷ್ಟು ಆಸಕ್ತಿ ಕಾಣುತ್ತಿಲ್ಲ' ಎಂಬ ಕಾರಣ ಕೊಟ್ಟು ಕ್ರೋಮ್ ತಂಡ ಅದರ ಪ್ರಾಯೋಗಿಕ ಬೆಂಬಲವನ್ನೂ 2023ರಲ್ಲಿ ತೆಗೆಯಿತು. ಅದೇ ವರ್ಷ ಸಫಾರಿ ಅದನ್ನು ಸೇರಿಸಿಕೊಂಡಿತು. ಮಾನದಂಡ ಅಂತ ಅಚ್ಚಾದರೆ ಸಾಲದು, ದೊಡ್ಡ ಬ್ರೌಸರ್ ಇರುವ ಕಂಪನಿಗೂ ಅದು ಬೇಕಿರಬೇಕು. ಇದು ನನಗೆ ಸರಿ ಅನ್ನಿಸುವುದಿಲ್ಲ.

ಅದಕ್ಕೇ ಫೋನಿನಿಂದ ಬಂದ ಮೂಲ ಫೋಟೋಗಳನ್ನು ಅಳಿಸುವುದಿಲ್ಲ. ಬೇರೆ ಡಿಸ್ಕ್‌ನಲ್ಲಿ ಸೀರೆಯ ನಂಬರ್ ಹಾಕಿ ಇಟ್ಟಿದ್ದೇನೆ. ಸೈಟಿನಲ್ಲಿರುವುದು ಬರೀ ಪ್ರತಿಗಳು. ನಾಳೆ ಹೊಸದೊಂದು ಫಾರ್ಮ್ಯಾಟ್ ಎಲ್ಲ ಕಡೆ ಬಂದರೆ ಮೂಲದಿಂದಲೇ ಮತ್ತೆ ತಯಾರಿಸಿ, ಪಿಕ್ಚರ್ ಟ್ಯಾಗ್‌ನಲ್ಲಿ ಮೇಲೊಂದು ಸಾಲು ಸೇರಿಸಿದರೆ ಆಯಿತು.