ಲ್ಯಾಪ್‌ಟಾಪ್‌ನ ಹಾಡು ದೊಡ್ಡ ಸ್ಪೀಕರಿಗೆ: ನಾನು ಕೇಬಲ್ ಕಟ್ಟುವ ಬಗೆ

ನಾನು ಸಾಗರದಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುತ್ತೇನೆ. ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡದ್ದು ನಲವತ್ತೈದು ದಾಟಿದ ಮೇಲೆ, ಅದೂ ಸಿಟ್ಟಿಗೆ. ಹಾಡುವವರು, ಮೃದಂಗ, ಪಿಟೀಲು ಎಂದು ಮೇಳ ಕರೆಸುವ ತಾಕತ್ತು ನಮ್ಮ ತರಗತಿಗೆ ವರ್ಷಕ್ಕೊಂದು ಸಲ ಬಂದರೆ ಹೆಚ್ಚು. ಉಳಿದ ಕಾರ್ಯಕ್ರಮಗಳೆಲ್ಲ ರೆಕಾರ್ಡಿಂಗಿಗೆ. ಈ ಕಡೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತು, ಆ ಕಡೆ ಬಾಡಿಗೆಗೆ ತಂದ ಆಕ್ಟಿವ್ ಸ್ಪೀಕರು, ಅಂದರೆ ಆಂಪ್ಲಿಫೈಯರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡದ್ದು. ನಡುವೆ ಒಂದು ವೈರು. ಕಷ್ಟವೆಲ್ಲ ಆ ವೈರಿನಲ್ಲಿ.

ಒಂದು ನವರಾತ್ರಿಗೆ ಮೈಕ್ ಸೆಟ್ಟಿನ ಹುಡುಗ ಒಂದೇ ಸ್ಪೀಕರ್ ತಂದಿದ್ದ. ಜೊತೆಗೆ ಒಂದು ತುದಿಗೆ ಹೆಡ್‌ಫೋನ್ ತೂತಿಗೆ ಹೋಗುವ ಇ.ಪಿ. ಪಿನ್ನು, ಇನ್ನೊಂದು ತುದಿಗೆ ಸ್ಪೀಕರಿಗೆ ಚುಚ್ಚುವ ಕ್ಯಾನನ್ ಇರುವ ರೆಡಿಮೇಡ್ ಕೇಬಲ್ಲು. ಪುಷ್ಪಾಂಜಲಿ ಶುರುವಾಯಿತು. ಪಿಟೀಲು ಕೇಳುತ್ತಿದೆ, ಕೊಳಲು ಕೇಳುತ್ತಿದೆ, ಹಾಡುವವರ ದನಿಯೇ ಇಲ್ಲ. ಕಿವಿಗೊಟ್ಟರೆ ಬಾವಿಯ ತಳದಿಂದ ಎದ್ದಂತೆ ಅದರ ಪ್ರತಿಧ್ವನಿ ಮಾತ್ರ. ಮೃದಂಗದ್ದೂ ಅದೇ ಗತಿ. ಮುಂದಿನ ಸಾಲಿನ ಹುಡುಗಿ ಬೊಗಸೆಯಲ್ಲಿ ಹೂ ಹಿಡಿದು ನಿಂತವಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಮೇಡಂ, ನಿಮ್ಮ ಫೈಲೇ ಸರಿ ಇಲ್ಲ” ಎಂದ ಹುಡುಗ. ಮನೆಗೆ ಬಂದು ಇಯರ್‌ಫೋನಿನಲ್ಲಿ ಕೇಳಿದೆ. ಫೈಲು ಚಿನ್ನದಂತಿತ್ತು.

ಗುಟ್ಟು ತಿಳಿಯಲು ಎರಡು ವಾರ ಹಿಡಿಯಿತು. ಸ್ಪೀಕರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಮಾಡುವುದು ಕಳೆಯುವ ಲೆಕ್ಕ. ಕ್ಯಾನನ್ನಿಗೆ, ಡಬ್ಬಿಯ ಮೇಲೆ ಎಕ್ಸ್‌ಎಲ್‌ಆರ್ ಎಂದು ಬರೆದಿರುತ್ತದಲ್ಲ ಅದಕ್ಕೆ, ಮೂರು ಪಿನ್ನು. 1 ಗ್ರೌಂಡು, 2 ಹಾಟ್, 3 ಕೋಲ್ಡ್. 2ರಲ್ಲಿ ಬಂದದ್ದರಿಂದ 3ರಲ್ಲಿ ಬಂದದ್ದನ್ನು ಕಳೆದು, ಉಳಿದದ್ದನ್ನಷ್ಟೇ ಸ್ಪೀಕರು ದೊಡ್ಡದು ಮಾಡುತ್ತದೆ. ದಾರಿಯಲ್ಲಿ ಕರೆಂಟ್ ವೈರುಗಳ ಗುಂಯ್‌ಕಾರ ಎರಡೂ ತಂತಿಗಳಿಗೆ ಸಮನಾಗಿ ಅಂಟಿಕೊಂಡಿರುತ್ತದೆ, ಕಳೆದರೆ ಸೊನ್ನೆ. ದೊಡ್ಡ ವೇದಿಕೆಗಳಲ್ಲಿ ಮೂವತ್ತು ಮೀಟರ್ ಕೇಬಲನ್ನು ನಿಶ್ಚಿಂತೆಯಿಂದ ಎಳೆಯುವುದು ಈ ಧೈರ್ಯದ ಮೇಲೆ.

ಇ.ಪಿ. ಪಿನ್ನಿಗೂ, ಅಂದರೆ 3.5 ಎಂಎಂ ಪಿನ್ನಿಗೂ ಮೂರು ಭಾಗವಿದೆ. ತುದಿಯಲ್ಲಿ ಎಡಗಡೆಯ ಹಾಡು, ನಡುವಿನ ಉಂಗುರದಲ್ಲಿ ಬಲಗಡೆಯದು, ಬುಡದಲ್ಲಿ ಗ್ರೌಂಡು. ಆ ಹುಡುಗನ ಕೇಬಲಿನಲ್ಲಿ ತುದಿಯನ್ನು 2ಕ್ಕೂ ಉಂಗುರವನ್ನು 3ಕ್ಕೂ ಕಟ್ಟಿದ್ದರು. ಹಾಗಾಗಿ ಎಡದಿಂದ ಬಲ ಕಳೆದುಹೋಯಿತು. ರೆಕಾರ್ಡ್ ಮಾಡುವವರು ಹಾಡುವ ದನಿಯನ್ನೂ ಮೃದಂಗವನ್ನೂ ನಟ್ಟನಡುವೆ, ಎಂದರೆ ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ. ಸಮ ಇದ್ದದ್ದೆಲ್ಲ ಗುಂಯ್‌ಕಾರದ ಜೊತೆಗೇ ಅಳಿಸಿಹೋಯಿತು, ಪಕ್ಕಕ್ಕೆ ಕೂತಿದ್ದ ಪಿಟೀಲು ಕೊಳಲು ಉಳಿದವು. ಪಿ-38 ಎನ್ನುವ ದಪ್ಪ ಪಿನ್ನಿನಲ್ಲೂ ಇದೇ ಮೋಸ. ಸ್ಟೀರಿಯೊ ಪಿನ್ನೂ ಬ್ಯಾಲೆನ್ಸ್ಡ್ ಪಿನ್ನೂ ನೋಡಲು ಅವಳಿಜವಳಿ. ಸ್ಪೀಕರಿನೊಳಗೆ ಸಲೀಸಾಗಿ ಕೂತಿತು ಎಂದರೆ ಸರಿಯಾಗಿದೆ ಎಂದಲ್ಲ.

ಈಗ ಕಟ್ಟುವ ಕೆಲಸ. ಎರಡು ಸ್ಪೀಕರ್ ಇದ್ದರೆ ಬೇಕಾದದ್ದು ಒಂದು ಒಳ್ಳೆಯ ಸ್ಟೀರಿಯೊ ಇ.ಪಿ. ಪಿನ್ನು, ಎರಡು ಗಂಡು (ಪಿನ್ನು ಚಾಚಿರುವ) ಕ್ಯಾನನ್, ಮತ್ತು ಒಳಗೆ ಎರಡು ತಂತಿ, ಸುತ್ತ ಜಾಲರಿ ಇರುವ ಮೈಕ್ ಕೇಬಲ್ಲು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಒಟ್ಟಿಗೆ ತಂದಿಟ್ಟುಕೊಳ್ಳುತ್ತೇನೆ. ಅಂಗಡಿಯಲ್ಲಿ “ಟೂ ಕೋರ್ ಶೀಲ್ಡೆಡ್” ಎಂದೇ ಕೇಳಿ, ಒಂದೇ ತಂತಿಯದು ಬೇಡ. ಒಳಗಿನ ತಂತಿಗಳು ಕೆಂಪು, ಕಪ್ಪು ಎಂದುಕೊಳ್ಳೋಣ. ಕ್ಯಾನನ್ ತುದಿಯಲ್ಲಿ ಕೆಂಪು 2ಕ್ಕೆ, ಕಪ್ಪು 3ಕ್ಕೆ, ಜಾಲರಿ 1ಕ್ಕೆ. ಇ.ಪಿ. ತುದಿಯಲ್ಲಿ ಎಡ ಸ್ಪೀಕರಿನ ಕೆಂಪು ತಂತಿ ಪಿನ್ನಿನ ತುದಿಗೆ, ಬಲ ಸ್ಪೀಕರಿನದು ಉಂಗುರಕ್ಕೆ. ಎರಡರ ಕಪ್ಪೂ ಎರಡರ ಜಾಲರಿಯೂ ಒಟ್ಟಾಗಿ ಬುಡಕ್ಕೆ.

ಕಪ್ಪು ಮತ್ತು ಜಾಲರಿ ಸೇರುವುದು ಇ.ಪಿ. ತುದಿಯಲ್ಲಿ ಮಾತ್ರ. ನಾನು ಬಿಚ್ಚಿ ನೋಡಿದ ರೆಡಿಮೇಡ್ ಕೇಬಲುಗಳಲ್ಲಿ ಕ್ಯಾನನ್ನಿನೊಳಗೇ 1ಕ್ಕೂ 3ಕ್ಕೂ ಗಂಟು ಹಾಕಿದ್ದರು. ಹಾಡೇನೋ ಬರುತ್ತದೆ, ಆದರೆ ಜಾಲರಿಯಲ್ಲಿ ಹರಿಯುವ ಕೊಳೆಯೂ ಹಾಡಿನ ಜೊತೆ ಒಳಗೆ ಹೋಗುತ್ತದೆ. ಕಪ್ಪು ತಂತಿ ಕೊನೆಯವರೆಗೂ ಬೇರೆಯಾಗಿ ಓಡಿದರೆ ಸ್ಪೀಕರಿಗೆ ಕಳೆಯಲು ಏನಾದರೂ ಸಿಗುತ್ತದೆ. ಹೆಡ್‌ಫೋನ್ ತೂತು ಬ್ಯಾಲೆನ್ಸ್ಡ್ ಅಲ್ಲದಿದ್ದರೂ ಈ ಒಂದು ಉಪಾಯದಿಂದ ಅರ್ಧ ಯುದ್ಧ ಗೆದ್ದ ಹಾಗೆ.

ಬೆಸುಗೆಗೆ ಮೊದಲು ಕ್ಯಾನನ್ನಿನ ಹಿಂಭಾಗದ ಟೋಪಿಯನ್ನು ಕೇಬಲಿಗೆ ತೂರಿಸಿಕೊಳ್ಳಿ. ನಗಬೇಡಿ. ಚಂದದ ಬೆಸುಗೆ ಹಾಕಿ, ಟೋಪಿ ಮೇಜಿನ ಮೇಲೇ ಉಳಿದದ್ದನ್ನು ಕಂಡು ಎಲ್ಲ ಬಿಚ್ಚಿದ್ದು ನನಗೆ ಮೂರು ಸಲ ಆಗಿದೆ. ಪಿನ್ನಿನ ನಂಬರು ಅದರ ಪಕ್ಕದಲ್ಲೇ ಸಣ್ಣಗೆ ಕೊರೆದಿರುತ್ತದೆ, ಕನ್ನಡಕ ಹಾಕಿಕೊಂಡು ಓದಿ. ಮುಗಿದ ಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದೊಂದೇ ನೋಡಿ. 2ಕ್ಕೂ 1ಕ್ಕೂ ನಡುವೆ ಬೀಪ್ ಬಂದರೆ ಎಲ್ಲೋ ಜಾಲರಿಯ ಒಂದು ಎಳೆ ಕೂದಲಿನ ಹಾಗೆ ತಾಗುತ್ತಿದೆ.

ಒಂದೇ ಸ್ಪೀಕರ್ ಇದ್ದರೆ ಎಡಬಲಗಳನ್ನು ಹಾಗೇ ಹೆಣೆದುಬಿಡಬೇಡಿ, ಲ್ಯಾಪ್‌ಟಾಪಿನ ಎರಡು ಔಟ್‌ಪುಟ್‌ಗಳು ಒಂದನ್ನೊಂದು ತಳ್ಳಾಡುತ್ತವೆ. ತುದಿಗೊಂದು, ಉಂಗುರಕ್ಕೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಅವುಗಳ ಆಚೆ ತುದಿಗಳನ್ನು ಸೇರಿಸಿ 2ಕ್ಕೆ ಕೊಡಿ. ಬೆಸುಗೆಯೇ ಬೇಡವೆಂದರೆ ವಿಂಡೋಸ್ ಸೆಟ್ಟಿಂಗ್ಸಿನಲ್ಲಿ “ಮೋನೋ ಆಡಿಯೊ” ಹುಡುಕಿ ಆನ್ ಮಾಡಿ, ಎರಡು ಸ್ಪೀಕರಿನ ಕೇಬಲಿನ ಒಂದೇ ಕಾಲನ್ನು ಬಳಸಿ. ಫೋನುಗಳಲ್ಲೂ ಈ ಸೌಲಭ್ಯ ಇರುತ್ತದೆ. ಎರಡರಲ್ಲೂ ದನಿ ವಾಪಸ್ ಬರುತ್ತದೆ.

ಐದು ಮೀಟರಿನವರೆಗೆ ನನಗೆ ಈ ಕೇಬಲ್ಲೇ ಸಾಕಾಗಿದೆ. ಆದರೆ ಕೆಲವು ಕಲ್ಯಾಣ ಮಂಟಪಗಳಲ್ಲಿ ಲ್ಯಾಪ್‌ಟಾಪಿಗೆ ಚಾರ್ಜರ್ ಚುಚ್ಚಿದ್ದೇ ತಡ, 50 ಹರ್ಟ್ಸಿನ ತಂಬೂರಿ ಶುರು. ಲ್ಯಾಪ್‌ಟಾಪಿನ ಅರ್ಥ್ ಒಂದು ಗೋಡೆಯಿಂದ, ಸ್ಪೀಕರಿನದು ಇನ್ನೊಂದು ಗೋಡೆಯಿಂದ ಬಂದು, ನಿಮ್ಮ ಕೇಬಲಿನ ಜಾಲರಿ ಅವೆರಡರ ನಡುವಿನ ಸೇತುವೆಯಾಗಿರುತ್ತದೆ. ಮೊದಲು ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ತೆಗೆದುಕೊಂಡು ನೋಡಿ. ಹತ್ತು ನಿಮಿಷದ ನೃತ್ಯಕ್ಕಾದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಸ್ಪೀಕರ್ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ಕೈಮುಗಿದು ಕಳಿಸಿ. ವೇದಿಕೆಯ ಮೇಲೆ ಕಾಲಿಗೆ ಗೆಜ್ಜೆ ಕಟ್ಟಿದ, ಬರಿಗಾಲಿನ ಮಕ್ಕಳಿರುತ್ತಾರೆ.

ನಿಜವಾದ ಮದ್ದು ಟ್ರಾನ್ಸ್‌ಫಾರ್ಮರ್ ಡಬ್ಬಿ. ಅದರೊಳಗೆ ಎರಡು ಸುರುಳಿಗಳು ಒಂದಕ್ಕೊಂದು ತಾಗದೆ ಕೂತಿರುತ್ತವೆ. ಹಾಡು ಕಾಂತದ ಮೂಲಕ ದಾಟುತ್ತದೆ, ಅರ್ಥಿನ ಕರೆಂಟಿಗೆ ದಾಟಲು ತಂತಿಯೇ ಇಲ್ಲ. ಈ ಕಡೆ ಬ್ಯಾಲೆನ್ಸ್ಡ್ ಅಲ್ಲದ್ದು ಹೋದರೂ ಆ ಕಡೆ ಬ್ಯಾಲೆನ್ಸ್ಡ್ ಆಗಿಯೇ ಬರುತ್ತದೆ. ಕೊಳ್ಳುವಾಗ ಮಾತ್ರ ಹುಷಾರು. ಗಿಟಾರಿನವರು ಬಳಸುವ ಪ್ಯಾಸಿವ್ ಡಿ.ಐ. ಬಾಕ್ಸು, ಅದೂ ಕರೆಂಟು ಬೇಡದ ಇಂಥದ್ದೇ ಡಬ್ಬಿ, ಸಾಮಾನ್ಯವಾಗಿ 12ಕ್ಕೆ 1ರ ಲೆಕ್ಕದ್ದು, ವೋಲ್ಟೇಜನ್ನು ಹನ್ನೆರಡರಲ್ಲಿ ಒಂದು ಪಾಲಿಗೆ, ಸುಮಾರು 22 ಡೆಸಿಬೆಲ್ ಇಳಿಸಿಬಿಡುತ್ತದೆ. ಅದನ್ನು ಹಾಕಿದರೆ ಸ್ಪೀಕರಿನ ಸ್ವಿಚ್ಚು ‘ಲೈನ್’ನಲ್ಲಿದ್ದಾಗ ಹಾಡು ಪಿಸುಗುಟ್ಟುತ್ತದೆ, ‘ಮೈಕ್’ಗೆ ತಿರುಗಿಸಬೇಕು. ನಮ್ಮ ಕೆಲಸಕ್ಕೆ 1ಕ್ಕೆ 1ರ ಲೈನ್ ಐಸೊಲೇಟರ್ ಮೇಲು, ಸ್ಟೀರಿಯೊಗೆ ಎರಡು ಚಾನೆಲ್ಲಿನದು. ತೀರಾ ಅಗ್ಗದವುಗಳ ಕೋರ್ ಸಣ್ಣದು, ಜೋರಾಗಿ ಬಿಟ್ಟಾಗ ಮೃದಂಗದ ಎಡಗಡೆಯ ಗುಮುಕು ಒಡೆದು ಬರುತ್ತದೆ. ಮೃದಂಗ ಚೆನ್ನಾಗಿರುವ ಒಂದು ಫೈಲನ್ನು ಫೋನಿನಲ್ಲಿ ಅಂಗಡಿಗೇ ಒಯ್ದು ಕೇಳಿ.

ಡಬ್ಬಿ ಲ್ಯಾಪ್‌ಟಾಪಿನ ಪಕ್ಕದಲ್ಲಿರಲಿ. ಇ.ಪಿ. ವೈರು ಮೊಳದಷ್ಟು ಸಾಕು, ಅಲ್ಲಿಂದ ಮುಂದೆ ಉದ್ದದ ಕ್ಯಾನನ್ ಕೇಬಲ್ಲು. ಡಬ್ಬಿಯ ಮೇಲಿನ ‘ಗ್ರೌಂಡ್ ಲಿಫ್ಟ್’ ಸ್ವಿಚ್ಚನ್ನು ಎರಡೂ ಕಡೆ ತಿರುಗಿಸಿ, ಎಲ್ಲಿ ನಿಶ್ಶಬ್ದವೋ ಅಲ್ಲಿ ಬಿಡಿ. ಅದು ಕತ್ತರಿಸುವುದು ಹಾಡಿನ ಕೇಬಲಿನ ಗ್ರೌಂಡನ್ನು, ಗೋಡೆಯ ಅರ್ಥನ್ನಲ್ಲ. ನಡುವೆ ಮಿಕ್ಸರ್ ಇದ್ದರಂತೂ ಡಬ್ಬಿ ಬಿಡಬೇಡಿ. ಮೈಕಿಗೆ ಕರೆಂಟು ಕೊಡಲೆಂದು ಯಾರೋ ಒತ್ತಿದ ಫ್ಯಾಂಟಮ್ ಬಟನ್ನಿನ 48 ವೋಲ್ಟು, ನೇರ ಕೇಬಲಿನಲ್ಲಿ ಲ್ಯಾಪ್‌ಟಾಪಿನ ತೂತಿಗೇ ಬಂದು ನಿಲ್ಲುತ್ತದೆ.

ಹಚ್ಚುವ ಕ್ರಮ ಹೀಗೆ. ಲ್ಯಾಪ್‌ಟಾಪಿನ ವಾಲ್ಯೂಮು ನೂರಕ್ಕೆ ಎಂಬತ್ತೈದರ ಹತ್ತಿರ, ಅದನ್ನು ಆಮೇಲೆ ಮುಟ್ಟುವುದಿಲ್ಲ. ತೀರಾ ಕಡಿಮೆ ಇಟ್ಟು ಸ್ಪೀಕರಿನಲ್ಲಿ ಎತ್ತಿದರೆ ಸುಯ್ ಎನ್ನುವ ಸದ್ದೂ ಏರುತ್ತದೆ. ಸ್ಪೀಕರಿನ ಗುಬಟು ಸೊನ್ನೆಯಲ್ಲಿ. ಪಿನ್ನುಗಳನ್ನೆಲ್ಲ ಚುಚ್ಚಿ ಆದ ಮೇಲೆ ಸ್ಪೀಕರ್ ಆನ್, ನಂತರ ಮೆಲ್ಲಗೆ ಏರಿಸುವುದು. ಫೋನಾದರೆ ಫ್ಲೈಟ್ ಮೋಡ್ ಮರೆಯಬೇಡಿ. ತಿಲ್ಲಾನದ ನಡುವೆ ನನ್ನ ತಂಗಿಯ ಕರೆ ಇಡೀ ಸಭಾಂಗಣಕ್ಕೆ ರಿಂಗಾಗಿದೆ. ಮುಗಿದ ಮೇಲೆ ಎಲ್ಲಕ್ಕಿಂತ ಮೊದಲು ಸ್ಪೀಕರ್ ಆಫ್, ಆಮೇಲೆ ಪಿನ್ನಿಗೆ ಕೈ.