ಹಾಡಿ ಮಕ್ಕಳು ಡಿಗ್ರಿ ಮುಗಿಸಬೇಕಾದರೆ ನಾವು ಮಾಡುವ ಕೆಲಸಗಳು

ಕಾಡಂಚಿನ ತಾಲೂಕೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಜೊತೆಗೆ ಎಸ್‌ಸಿ-ಎಸ್‌ಟಿ ಘಟಕದ ಜವಾಬ್ದಾರಿಯೂ ನನ್ನದೇ. ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆ, ಸರಗೂರು, ಹುಣಸೂರು ಕಡೆ ಓಡಾಡಿದವರಿಗೆ ಗೊತ್ತಿರುತ್ತದೆ, ನಾಗರಹೊಳೆ ಕಾಡಿನ ಅಂಚಿನುದ್ದಕ್ಕೂ ಜೇನುಕುರುಬರ, ಕಾಡುಕುರುಬರ, ಯರವರ, ಸೋಲಿಗರ ಹಾಡಿಗಳಿವೆ, ಅಂದರೆ ಆದಿವಾಸಿಗಳ ಪುಟ್ಟ ಊರುಗಳು. ಅಲ್ಲಿಂದ ಡಿಗ್ರಿಗೆ ಬರುವ ಮಕ್ಕಳು ಕಡಿಮೆ. ಬಂದವರಲ್ಲಿ ಮೂರು ವರ್ಷ ಮುಗಿಸುವವರು ಇನ್ನೂ ಕಡಿಮೆ. ಈ ಘಟಕವನ್ನು ಹೊಸದಾಗಿ ವಹಿಸಿಕೊಂಡ ಬೇರೆ ಕಾಲೇಜಿನ ಗೆಳೆಯರು ಫೋನ್ ಮಾಡಿ "ನೀವು ಏನ್ ಮಾಡ್ತೀರ ಸರ್, ಹೇಗೆ ಉಳಿಸಿಕೊಳ್ತೀರ" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಇದರಲ್ಲಿ ಭಾಷಣದ ಪಾಲು ತೀರಾ ಸಣ್ಣದು. ಮುಕ್ಕಾಲು ಭಾಗ ಗುಮಾಸ್ತಿಕೆ. ವಿದ್ಯಾರ್ಥಿ ಕ್ಷೇಮ ಅಂತ ವರದಿಯಲ್ಲಿ ಬರೆಯುತ್ತೇವಲ್ಲ, ನನ್ನ ಕಾಲೇಜಿನಲ್ಲಿ ಅದು ಶುರುವಾಗುವುದು ಪಾಸ್‌ಬುಕ್ ತೆಗೆದು ನೋಡುವುದರಿಂದ.

ಸ್ಕಾಲರ್‌ಶಿಪ್ ವಿಷಯವನ್ನೇ ತಗೊಳ್ಳಿ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಆಧಾರ್ ಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು, ಫೋನಿಗೆ ಒಟಿಪಿ ಬರಬೇಕು. ಊರಿನ ಹುಡುಗರು ಇದನ್ನು ಸೈಬರ್ ಸೆಂಟರಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಸುತ್ತಾರೆ. ಹಾಡಿ ಹುಡುಗ ಸಿಕ್ಕಿಬೀಳುವುದು ಹೆಸರಿನಲ್ಲೇ. ಆಶ್ರಮ ಶಾಲೆಗೆ (ಆದಿವಾಸಿ ಮಕ್ಕಳ ಸರ್ಕಾರಿ ವಸತಿ ಶಾಲೆ) ಸೇರಿಸುವಾಗ ಮೇಷ್ಟ್ರು ಹೆಸರಿನ ಹಿಂದೆ 'ಜೆ.ಕೆ.' ಅಂತ ಸೇರಿಸಿರುತ್ತಾರೆ. ಅಂದರೆ ಜೇನುಕುರುಬ. ಆಧಾರ್‌ನಲ್ಲಿ ಬರೀ ಹೆಸರು ಇರುತ್ತದೆ, ಅಥವಾ ಅಪ್ಪನ ಹೆಸರೂ ಸೇರಿ ಉದ್ದ ಆಗಿರುತ್ತದೆ. ಹುಟ್ಟಿದ ದಿನವೂ ಹಾಗೇ. ಶಾಲೆಯವರು ಜೂನ್ 1 ಅಂತ ಬರೆದಿರುತ್ತಾರೆ, ಆಧಾರ್‌ನಲ್ಲಿ ಜನವರಿ 1. ಎರಡೂ ನಿಜವಲ್ಲ, ಅದು ಬೇರೆ ಮಾತು. ಆದರೆ ಎರಡೂ ಒಂದೇ ಆಗಿರಬೇಕು.

ಇಷ್ಟೆಲ್ಲ ಸರಿಮಾಡಿಸಿ ಅರ್ಜಿ ಪಾಸ್ ಆದ ಮೇಲೂ ದುಡ್ಡು ಬರುವುದಿಲ್ಲ. ಒಬ್ಬ ಹುಡುಗಿಯದ್ದು ಪೋರ್ಟಲ್‌ನಲ್ಲಿ 'ಹಣ ಜಮೆಯಾಗಿದೆ' ಅಂತ ತೋರಿಸುತ್ತಿತ್ತು. ಅವಳ ಪಾಸ್‌ಬುಕ್ ಖಾಲಿ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ, ನಮ್ಮದೇನೂ ತೊಂದರೆ ಇಲ್ಲ ಅಂದರು. ಆಧಾರ್ ನಂಬರ್ ಹಾಕಿ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನುವ ನೋಂದಣಿ, ನೋಡಿದಾಗ ಬೇರೊಂದು ಖಾತೆ ಬಂತು. ಸಂತೆಯ ದಿನ ಛತ್ರಿ ಹಾಕಿಕೊಂಡು ಕೂತವನ ಹತ್ತಿರ ಅವಳು ಸಿಮ್ ತಗೊಂಡಿದ್ದಳು. ಬೆರಳು ಒತ್ತಿಸಿಕೊಂಡವನು ಸಿಮ್ ಜೊತೆಗೆ ಫೋನಿನಲ್ಲೇ ಒಂದು ಖಾತೆಯನ್ನೂ ತೆರೆದುಬಿಟ್ಟಿದ್ದ. ಅವಳಿಗೆ ಅದು ಗೊತ್ತೇ ಇಲ್ಲ. ಆ ಸಿಮ್ ಕೂಡ ಆಗಲೇ ಬಂದ್ ಆಗಿತ್ತು. ಆಧಾರ್‌ಗೆ ಎಷ್ಟು ಖಾತೆ ಬೇಕಾದರೂ ಲಿಂಕ್ ಆಗಬಹುದು, ಆದರೆ ಸರ್ಕಾರದ ದುಡ್ಡು ಬರುವುದು ಮ್ಯಾಪ್ ಆದ ಒಂದೇ ಖಾತೆಗೆ. ಇದು ಬಹಳ ಮೇಷ್ಟ್ರುಗಳಿಗೂ ಗೊತ್ತಿಲ್ಲ. ಎರಡು ವರ್ಷ ವ್ಯವಹಾರವೇ ನಡೆಯದ ಖಾತೆ ನಿಷ್ಕ್ರಿಯ ಆಗುತ್ತದೆ, ಅದೂ ಇನ್ನೊಂದು ತಲೆನೋವು. ಹಾಗಾಗಿ ಈಗ ಅಡ್ಮಿಷನ್ ದಿನವೇ ನಾನು ಮೂರು ವಿಷಯ ಕೇಳಿ ಬರೆದುಕೊಳ್ಳುತ್ತೇನೆ: ಆಧಾರ್‌ನಲ್ಲಿರುವ ಫೋನ್ ನಂಬರ್ ನಡೆಯುತ್ತಿದೆಯಾ, ಮ್ಯಾಪಿಂಗ್ ಯಾವ ಬ್ಯಾಂಕಿಗೆ ಇದೆ, ಟಿಸಿಯಲ್ಲಿರುವ ಹೆಸರು ಆಧಾರ್‌ನಲ್ಲೂ ಹಾಗೇ ಇದೆಯಾ. ಅಂಕಪಟ್ಟಿ ಆಮೇಲೆ ನೋಡಿದರೆ ಆಯಿತು.

ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಸ್ಕಾಲರ್‌ಶಿಪ್ ಬರದ ಹುಡುಗ ಬಂದು ಜಗಳ ಮಾಡುವುದಿಲ್ಲ. ಅರ್ಜಿ ಬರೆಯುವುದಿಲ್ಲ. ಸುಮ್ನೆ ಬರುವುದನ್ನು ನಿಲ್ಲಿಸುತ್ತಾನೆ. ಹಾಜರಿ ಕರೆಯುವಾಗ ಯಾರೋ "ಬಂದಿಲ್ಲ ಸರ್" ಅನ್ನುತ್ತಾರೆ, ಮಾರನೇ ದಿನ ಅದನ್ನೂ ಯಾರೂ ಹೇಳುವುದಿಲ್ಲ. ಈ ಮೌನವನ್ನು ನಾವು ಆಸಕ್ತಿ ಇಲ್ಲ ಅಂತ ಓದಿಕೊಳ್ಳುತ್ತೇವೆ. ಸ್ಟಾಫ್ ರೂಮಿನಲ್ಲಿ "ಅವರಿಗೆ ಕಾಡೇ ಇಷ್ಟ ಬಿಡಿ" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅದಕ್ಕೆ ಒಂದು ನಿಯಮ ಮಾಡಿಕೊಂಡೆ. ಹಾಡಿಯಿಂದ ಬರುವ ಮಗು ಸತತ ಮೂರು ದಿನ ಬರದಿದ್ದರೆ ನಾಲ್ಕನೇ ದಿನ ಯಾರಾದರೂ ಹಾಡಿಗೆ ಹೋಗಬೇಕು. ಫೋನ್ ಪ್ರಯೋಜನಕ್ಕೆ ಬರುವುದಿಲ್ಲ, ಎಷ್ಟೋ ಹಾಡಿಗಳಲ್ಲಿ ನೆಟ್‌ವರ್ಕ್ ಸಿಗುವುದು ಒಂದೇ ಒಂದು ಮರದ ಕೆಳಗೆ ಅಥವಾ ದಿಬ್ಬದ ಮೇಲೆ. ನಾನು ಹೋಗುತ್ತೇನೆ, ಇಲ್ಲವೇ ಅದೇ ಹಾಡಿಯ ಸೀನಿಯರ್ ಹುಡುಗನನ್ನು ಕಳಿಸುತ್ತೇನೆ. ಒಂದು ವಾರದ ಒಳಗೆ ಹೋದರೆ ಹುಡುಗ ವಾಪಸ್ ಬರುತ್ತಾನೆ. ಒಂದು ತಿಂಗಳು ಬಿಟ್ಟು ಹೋದರೆ ಮನೆಯಲ್ಲೇ ಇರುವುದಿಲ್ಲ, ಶುಂಠಿ ಹೊಲಕ್ಕೋ ಕೊಡಗಿಗೋ ಹೋಗಿರುತ್ತಾನೆ.

ಹೋದಾಗ ಮೊದಲು ಹಾಡಿಯ ಯಜಮಾನರನ್ನು ಕಾಣಬೇಕು. ನೇರ ಹುಡುಗನ ಮನೆ ಬಾಗಿಲಿಗೆ ಹೋಗಿ ನಿಂತರೆ ಅವನು ಹಿತ್ತಿಲಿಂದ ಓಡಿಹೋಗುತ್ತಾನೆ, ಪ್ಯಾಂಟು ಷರ್ಟು ಹಾಕಿಕೊಂಡವರು ಬಂದರೆ ಫಾರೆಸ್ಟಿನವರು ಅಂತಲೇ ಅರ್ಥ. ಯಜಮಾನರ ಹತ್ತಿರ ಕೂತು, ಎಲೆ ಅಡಿಕೆ ಹಾಕಿಕೊಂಡು, ಮಳೆ ಆನೆ ರೇಷನ್ನು ಎಲ್ಲ ಮಾತಾಡಿದ ಮೇಲೆ ಹುಡುಗನ ವಿಷಯ ತೆಗೆಯಬೇಕು. ಒಂದು ಸಲ ಒಬ್ಬ ಯಜಮಾನರು ನನ್ನನ್ನೇ ಕೇಳಿದರು, "ಓದಿ ಮುಗಿಸಿದ್ರೆ ಕೆಲ್ಸ ನೀವೇ ಕೊಡ್ತೀರಾ ಸಾಮಿ?" ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಕಾಫಿ ಹಣ್ಣಿನ ಕಾಲ ದೊಡ್ಡ ಗಂಡಾಂತರ. ಡಿಸೆಂಬರ್ ಬಂತು ಅಂದರೆ ಅಪ್ಪ ಅಮ್ಮ ಇಬ್ಬರೂ ಕೊಡಗಿನ ತೋಟಗಳ ಲೈನ್ ಮನೆಗೆ (ಕೂಲಿಯವರ ಸಾಲುಮನೆ) ಹೊರಡುತ್ತಾರೆ, ಫೆಬ್ರವರಿ ಮಾರ್ಚಿನವರೆಗೂ ಅಲ್ಲೇ. ಮನೆಯಲ್ಲಿ ಉಳಿಯುವುದು ಅಜ್ಜಿ ಮತ್ತು ಚಿಕ್ಕ ಮಕ್ಕಳು. ಹುಡುಗಿಯಾದರೆ ಅವರನ್ನು ನೋಡಿಕೊಳ್ಳುವುದು ಅವಳ ಪಾಲಿಗೆ, ಹುಡುಗನಾದರೆ ಹಣ್ಣು ಕೀಳಲು ಅಪ್ಪನ ಜೊತೆ. ಸೆಮಿಸ್ಟರ್ ಪರೀಕ್ಷೆ ಬರುವುದೂ ಹೆಚ್ಚುಕಮ್ಮಿ ಆಗಲೇ. ಶೇ 75 ಹಾಜರಾತಿಯ ನಿಯಮ ಬದಲಾಯಿಸುವುದು ನನ್ನ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಮಾಡಿದೆವು: ಇಂಟರ್ನಲ್ ಟೆಸ್ಟ್, ಅಸೈನ್‌ಮೆಂಟ್ ಎಲ್ಲ ನವೆಂಬರ್ ಒಳಗೆ ಮುಗಿಯುವ ಹಾಗೆ ನೋಡಿಕೊಂಡೆವು. ನವೆಂಬರ್‌ನಲ್ಲೇ ಹಾಡಿಗೆ ಹೋಗಿ, ಈ ಮೂರು ತಿಂಗಳು ಮಗು ಹಾಸ್ಟೆಲ್ಲಿನಲ್ಲಿರಲಿ ಅಂತ ಅಪ್ಪ ಅಮ್ಮನ ಹತ್ತಿರ ಮಾತಾಡಿದೆವು. ಎಲ್ಲರೂ ಒಪ್ಪಲಿಲ್ಲ. ಒಪ್ಪಿದವರ ಮಕ್ಕಳು ಪರೀಕ್ಷೆ ಬರೆದರು.

ಹಾಸ್ಟೆಲ್ ಅಂದರೆ ಅದೂ ಸುಲಭದ ಮಾತಲ್ಲ. ಕಾಗದದ ಮೇಲೆ ಎಸ್‌ಟಿ ಅಂದರೆ ಎಲ್ಲ ಒಂದೇ. 2022ರಲ್ಲಿ ಎಸ್‌ಟಿ ಮೀಸಲಾತಿ ಶೇ 3ರಿಂದ 7ಕ್ಕೆ ಏರಿತು, ಒಳ್ಳೆಯದೇ. ಆದರೆ ಅಂಕದ ಮೇಲೆ ಸೀಟು ಹಂಚುವಾಗ ಅದೇ ಪಟ್ಟಿಯಲ್ಲಿರುವ ದೊಡ್ಡ ಸಮುದಾಯಗಳ ಮಕ್ಕಳ ಎದುರು ಹಾಡಿ ಮಕ್ಕಳು ಹಿಂದೆ ಬೀಳುತ್ತಾರೆ. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಗುರುತಿಸಿರುವುದು ಎರಡನ್ನೇ, ಜೇನುಕುರುಬ ಮತ್ತು ಕೊರಗ. ಆ ಗುರುತು ಹಾಸ್ಟೆಲ್ ಬಾಗಿಲಿನಲ್ಲಿ ತಾನಾಗಿ ಕೆಲಸಕ್ಕೆ ಬರುವುದಿಲ್ಲ, ನಾವು ಪತ್ರ ಬರೆದು, ವಾರ್ಡನ್ ಹತ್ತಿರ ಕೂತು ಮಾತಾಡಿದರೆ ಮಾತ್ರ ಬರುತ್ತದೆ. ಸೀಟು ಸಿಕ್ಕರೆ ಒಂದೇ ಹಾಡಿಯ ಇಬ್ಬರನ್ನು ಒಂದೇ ರೂಮಿಗೆ ಹಾಕಿಸಿ. ಒಬ್ಬರೇ ಇದ್ದವರು ದಸರಾ ರಜೆಗೆ ಮನೆಗೆ ಹೋದರೆ ಮತ್ತೆ ಬರುವುದಿಲ್ಲ. ಇದು ನಾನು ಕಣ್ಣಾರೆ ಕಂಡಿದ್ದು.

ಮನೆಯಿಂದ ಓಡಾಡುವವರಿಗೆ ಬಸ್ಸು ಮತ್ತು ಹೊಟ್ಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ತಪ್ಪಿತು, ಹಾಜರಾತಿಯಲ್ಲೇ ಗೊತ್ತಾಯಿತು. ಆದರೆ ಬಸ್ಸು ಇಳಿದ ಮೇಲೆ ಹಾಡಿಯವರೆಗೆ ನಡೆಯಬೇಕಲ್ಲ, ಕತ್ತಲಾದರೆ ಆನೆ. ಸಂಜೆ ನಾಲ್ಕರ ಬಸ್ಸು ತಪ್ಪುವಂತಿಲ್ಲ. ವಿಜ್ಞಾನದ ಮಕ್ಕಳ ಲ್ಯಾಬ್ ನಾಲ್ಕೂವರೆಗೆ ಮುಗಿಯುತ್ತಿತ್ತು. ಟೈಮ್‌ಟೇಬಲ್ ಮಾಡುವವರ ಪಕ್ಕ ಕೂತು ಅವರ ಬ್ಯಾಚನ್ನು ಬೆಳಗ್ಗೆಗೆ ಹಾಕಿಸಿದೆ, ಖರ್ಚು ಒಂದು ಪೈಸೆ ಇಲ್ಲ.

ಹೊಟ್ಟೆಯದ್ದು ಬೇರೆ ಕತೆ. ಹತ್ತನೇ ಕ್ಲಾಸಿನವರೆಗೆ ಬಿಸಿಯೂಟ ಇದೆ, ಡಿಗ್ರಿಗೆ ಇಲ್ಲ. ಬೆಳಗ್ಗೆ ಟೀ ಕುಡಿದು ಬಸ್ಸು ಹತ್ತಿದ ಮಗು ಮಧ್ಯಾಹ್ನದ ಕ್ಲಾಸಿನಲ್ಲಿ ತಲೆ ಬಗ್ಗಿಸಿ ಮಲಗುತ್ತದೆ. ಕೇಳಿದರೆ "ಹೊಟ್ಟೆನೋವು ಸರ್". ಕ್ಯಾಂಟೀನಿನವರ ಹತ್ತಿರ ಮಾತಾಡಿ ಚೀಟಿ ಪದ್ಧತಿ ಮಾಡಿದೆವು. ಚೀಟಿ ಕೊಟ್ಟರೆ ಚಿತ್ರಾನ್ನವೋ ಮುದ್ದೆ ಸಾರೋ, ಅವತ್ತು ಏನಿದೆಯೋ ಅದು. ತಿಂಗಳ ಕೊನೆಗೆ ಲೆಕ್ಕ ನಾವು ಕೆಲವು ಮೇಷ್ಟ್ರುಗಳು ಹಂಚಿಕೊಳ್ಳುತ್ತೇವೆ. ಚೀಟಿಯ ಮೇಲೆ ಹೆಸರಿಲ್ಲ, ಜಾತಿಯಂತೂ ಇಲ್ಲವೇ ಇಲ್ಲ. ಎನ್‌ಎಸ್‌ಎಸ್‌ನಲ್ಲಿ ಕೆಲಸ ಮಾಡಿದವರಿಗೆ, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸಿದವರಿಗೆ, ಕ್ರಿಕೆಟ್ ಟೀಮಿಗೆ, ಎಲ್ಲರಿಗೂ ಅದೇ ಚೀಟಿ. ಹಾಗಿದ್ದರೆ ಮಾತ್ರ ಹಾಡಿ ಮಕ್ಕಳು ಕೈಚಾಚಿ ತಗೊಳ್ಳುತ್ತಾರೆ.

ಒಂದು ಎಚ್ಚರಿಕೆ. ಪದೇ ಪದೇ ಕೈಕಾಲು ನೋವು, ಸುಸ್ತು ಅಂತ ಹೇಳುವ ಮಗುವನ್ನು ಸೋಮಾರಿ ಅನ್ನಬೇಡಿ. ಈ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ, ವಂಶದಿಂದ ಬರುವುದು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಆರೋಗ್ಯ ಕೇಂದ್ರದವರನ್ನು ಕಾಲೇಜಿಗೇ ಕರೆಸಿ ಎಲ್ಲರಿಗೂ ಮಾಡಿಸಿ. ಇರುವವರನ್ನು ಬಿಸಿಲಲ್ಲಿ ಓಡಿಸಬೇಡಿ, ನೀರು ಕುಡಿಯಲು ಕ್ಲಾಸಿನ ಮಧ್ಯೆ ಹೊರಗೆ ಹೋಗಲು ಬಿಡಿ.

ಇನ್ನು ಕಾಲೇಜು ಡೇ. ನನಗೆ ತುಂಬ ಸಿಟ್ಟಿರುವ ವಿಷಯ ಇದು. ಅತಿಥಿಗಳು ಬಂದರೆ ಸಾಕು, ಹಾಡಿ ಮಕ್ಕಳಿಗೆ ಸೊಂಟಕ್ಕೆ ಸೊಪ್ಪು ಕಟ್ಟಿಸಿ ಕುಣಿಸುವುದು, ಫೋಟೊ ತೆಗೆಯುವುದು. ಆ ಮಕ್ಕಳ ಅಜ್ಜಂದಿರೇ ಹಬ್ಬಕ್ಕೆ ಒಗೆದ ಪಂಚೆ, ಷರ್ಟು ಹಾಕುತ್ತಾರೆ, ಈ ಸೊಪ್ಪು ಎಲ್ಲಿಂದ ಬಂತು? ನಾವು ಅದನ್ನು ಬಿಟ್ಟೆವು. ನಿಮಗೆ ಏನು ಬೇಕೋ ಮಾಡಿ ಅಂದಾಗ ಹುಡುಗಿಯರು ಸಿನಿಮಾ ಹಾಡಿಗೆ ಡ್ಯಾನ್ಸ್ ಮಾಡಿದರು, ಚೆನ್ನಾಗಿಯೇ ಮಾಡಿದರು. ಕೆಲವು ಅಧ್ಯಾಪಕರಿಗೆ ಬೇಜಾರಾಯಿತು ಅನ್ನುವುದು ಬೇರೆ. ಹಾಡಿ ಮಕ್ಕಳ ತಿಳಿವಳಿಕೆಗೆ ಜಾಗ ವೇದಿಕೆಗಿಂತ ಕ್ಲಾಸಿನಲ್ಲಿದೆ. ಪ್ರಾಣಿಶಾಸ್ತ್ರದ ಮೇಡಂ ಜೇನಿನ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನನ್ನು ಸುಮ್ನೆ ಒಂದು ಮಾತು ಕೇಳಿದರಂತೆ. ಹೆಜ್ಜೇನು ಯಾವ ಮರಕ್ಕೆ ಕಟ್ಟುತ್ತದೆ, ತುಡುವೆ ಪೊಟರೆಯಲ್ಲಿ ಎಷ್ಟು ಎರಿ (ಜೇನುತಟ್ಟೆ) ಇಡುತ್ತದೆ, ಕೋಲುಜೇನು ಪೊದೆಯ ಕಡ್ಡಿಗೆ ಒಂದೇ ಎರಿ ಕಟ್ಟುತ್ತದೆ, ಎರಿಯಲ್ಲಿ ಯಾವ ಭಾಗ ಮರಿಗೆ ಬಿಡಬೇಕು ಅಂತ ಬೆಲ್ ಹೊಡೆಯುವವರೆಗೂ ಹೇಳಿದನಂತೆ. ಅಲ್ಲಿಯವರೆಗೆ ಅವನ ಧ್ವನಿ ಹೇಗಿದೆ ಅಂತಲೇ ಕ್ಲಾಸಿನವರಿಗೆ ಗೊತ್ತಿರಲಿಲ್ಲ.

ಈಗ ಯಜಮಾನರ ಪ್ರಶ್ನೆ. ಡಿಗ್ರಿ ಮುಗಿಸಿದವರು ಏನಾಗುತ್ತಾರೆ? ಕೆಲವರು ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ರೂಮು ಒರೆಸುತ್ತಿದ್ದಾರೆ, ಕೆಲವರು ಅರಣ್ಯ ಇಲಾಖೆಯಲ್ಲಿ ದಿನಗೂಲಿ ವಾಚರ್. ಅರಣ್ಯ ಇಲಾಖೆಯ ನೇಮಕಾತಿಗೆ ಅರ್ಜಿ ಹಾಕಿಸುತ್ತೇವೆ, ಓಟದಲ್ಲಿ ಇವರನ್ನು ಹಿಡಿಯುವವರಿಲ್ಲ, ಆದರೆ ಆಯ್ಕೆಗೆ ಪಿಯುಸಿ ಅಂಕ ನೋಡಿದಾಗ ಪಟ್ಟಿಯಿಂದ ಹೊರಗೆ. ಅಂದರೆ ಡಿಗ್ರಿಯಲ್ಲಿ ನಾವು ಎಷ್ಟು ಒದ್ದಾಡಿದರೂ ಪಿಯುಸಿ ಅಂಕ ಬದಲಾಗುವುದಿಲ್ಲ. ಅದಕ್ಕೆ ಈಗ ಪಕ್ಕದ ಪಿಯು ಕಾಲೇಜಿನ ಉಪನ್ಯಾಸಕರ ಜೊತೆ ಮಾತಾಡಿ, ನಮ್ಮ ಡಿಗ್ರಿ ಮಕ್ಕಳಿಂದಲೇ ಅವರ ಹಾಡಿಯ ಪಿಯು ಮಕ್ಕಳಿಗೆ ಭಾನುವಾರ ಪಾಠ ಶುರುಮಾಡಿಸಿದ್ದೇವೆ. ಪಾಠ ಹೇಳುವವರಿಗೂ ಅದೇ ಕ್ಯಾಂಟೀನ್ ಚೀಟಿ. ಆ ಮಕ್ಕಳ ಆಧಾರ್, ಟಿಸಿ ಹೆಸರುಗಳನ್ನೂ ಈಗಲೇ ಸರಿಮಾಡಿಸುತ್ತಿದ್ದೇವೆ, ಜೂನ್ ಬಂದ ಮೇಲೆ ನಾಡಕಚೇರಿ ಮುಂದೆ ನಿಲ್ಲಲು ಜಾಗ ಸಿಗುವುದಿಲ್ಲ.