ಧಾರವಾಡದ ಬಾಲ್ಕನಿಯಲ್ಲಿ ಹೂಜಿ ಗಿಡ: ನನ್ನ ಅನುಭವ

ಹೂಜಿಯಾಕಾರದ ಎಲೆತುದಿಯಲ್ಲಿ ಹುಳ ಹಿಡಿದು ಜೀರ್ಣಿಸುವ ಹೂಜಿ ಗಿಡವನ್ನು (ಪಿಚರ್ ಪ್ಲಾಂಟ್) ನಾನು ಬೆಳೆಸುವುದು ಧಾರವಾಡದಲ್ಲಿ, ಪೂರ್ವಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ. ಬೇಕಾದ ಬೆಳಕು, ಬೆಚ್ಚಗಿನ ಹವೆ ಎರಡೂ ಇಲ್ಲಿ ವರ್ಷದ ಬಹುಪಾಲು ಸಿಗುತ್ತವೆ. ತೊಂದರೆ ಕೊಡುವುದು ಬೋರ್ ನೀರು, ಮತ್ತು ಶಿವರಾತ್ರಿ ಕಳೆದ ಮೇಲೆ ರೋಹಿಣಿ ಮಳೆ ಬೀಳುವ ತನಕ ಬೀಸುವ ಒಣಗಾಳಿ. ಈ ಎರಡನ್ನು ಸಂಭಾಳಿಸಿದರೆ ಹುಬ್ಬಳ್ಳಿ, ಹಾವೇರಿ, ಗದಗದಲ್ಲೂ ಇದು ಚೆನ್ನಾಗಿ ಬರುತ್ತದೆ.

ಮೊದಲು ತಳಿ. ನೆಪೆಂಥಿಸ್ ಕುಲದ ‘ವೆಂಟ್ರಾಟಾ’ ತಂದುಕೊಳ್ಳಿ. ಫಿಲಿಪ್ಪೀನ್ಸ್ ಮೂಲದ ಎರಡು ಜಾತಿಗಳ ಮಿಶ್ರತಳಿಯಾದ ಇದು ನಮ್ಮ ಮಾಗಿ ಚಳಿಯನ್ನೂ ಬೇಸಿಗೆಯ 36–37 ಡಿಗ್ರಿಯನ್ನೂ ನೆರಳಿನಲ್ಲಿ ತಡೆಯುತ್ತದೆ. ಎತ್ತರದ ಬೆಟ್ಟಗಳ ಜಾತಿಗಳಿಗೆ ರಾತ್ರಿ ತಂಪು ಬೇಕೇ ಬೇಕು, ಏಪ್ರಿಲ್‌ನಲ್ಲಿ ಅವು ಇಲ್ಲಿ ಉಳಿಯುವುದಿಲ್ಲ. ಉತ್ತರ ಅಮೆರಿಕದ ಬೇರೊಂದು ಬಗೆಯ ಹೂಜಿ ಗಿಡವಾದ ಸರಸೀನಿಯಾಕ್ಕೆ ಮೂರು–ನಾಲ್ಕು ತಿಂಗಳ ನಿಜವಾದ ಚಳಿಗಾಲದ ವಿಶ್ರಾಂತಿ ಬೇಕು, ಅದು ನಮ್ಮಲ್ಲಿ ಇಲ್ಲ. ಭಾರತದ ಒಂದೇ ಒಂದು ಹೂಜಿ ಗಿಡ ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ಅದು ಅಳಿವಿನಂಚಿನಲ್ಲಿದೆ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಮೊದಲ ಪಟ್ಟಿಯ ಕಟ್ಟುನಿಟ್ಟಿದೆ. ಕಾಡಿನಿಂದ ಕಿತ್ತ ಗಿಡವನ್ನು ಯಾರೇ ಮಾರಲು ಬಂದರೂ ಕೊಳ್ಳಬೇಡಿ. ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ಗಿಡ ಸಿಗುತ್ತದೆ, ಅದೇ ಸಾಕು.

ಇನ್ನು ನೀರು. ನೀರಿನಲ್ಲಿ ಕರಗಿದ ಲವಣದ ಪ್ರಮಾಣ (ಟಿಡಿಎಸ್) ಅಳೆಯುವ ಇನ್ನೂರು–ಮುನ್ನೂರು ರೂಪಾಯಿಯ ಮೀಟರ್ ಇಲ್ಲದೆ ಈ ಗಿಡಕ್ಕೆ ಕೈ ಹಾಕಬೇಡಿ ಎಂದೇ ನಾನು ಹೇಳುವುದು. ಇದರ ಬೇರು ಹುಟ್ಟಿದ್ದು ಲವಣವೇ ಇಲ್ಲದ ಬಡ ನೆಲಕ್ಕೆ. ಟಿಡಿಎಸ್ 50 ಪಿಪಿಎಂ (ಲೀಟರಿಗೆ ಸುಮಾರು 50 ಮಿ.ಗ್ರಾಂ. ಲವಣ) ಒಳಗಿನ ನೀರು ಉತ್ತಮ, 100ರ ತನಕ ಸಹಿಸುತ್ತದೆ. ಬೋರ್ ನೀರು 500ಕ್ಕಿಂತ ಕೆಳಗೆ ಸಿಗುವುದೇ ಕಷ್ಟ. ನರಗುಂದ, ರೋಣದ ಸವಳು ನೀರಿನಲ್ಲಿ ಅಂಕಿ ಸಾವಿರ ದಾಟುವುದೂ ಹೊಸದಲ್ಲ. ನಲ್ಲಿಗೆ ಬರುವ ಮಲಪ್ರಭೆಯ ನೀರು ಬೋರಿಗಿಂತ ವಾಸಿ, ಆದರೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಅಳೆದೇ ಹಾಕಬೇಕು. ಕುದಿಸಿದರೆ ಲವಣ ಹೋಗುವುದಿಲ್ಲ. ವಾಟರ್ ಸಾಫ್ಟ್‌ನರ್ ನೀರು ಇನ್ನೂ ಕೆಟ್ಟದ್ದು, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೂಡಿಸುತ್ತದೆ. ಆರ್‌ಒ ನೀರಾದರೆ ಸರಿ, ಆದರೆ ಅನೇಕ ಯಂತ್ರಗಳಲ್ಲಿ ರುಚಿಗಾಗಿ ಕಚ್ಚಾ ನೀರನ್ನು ಬೆರೆಸುವ ತಿರುಪು ಇರುತ್ತದೆ. ಅದನ್ನು ಮುಚ್ಚಿ ಮತ್ತೆ ಅಳೆಯಿರಿ. ಎಸಿಯಿಂದ ತೊಟ್ಟಿಕ್ಕುವ ನೀರೂ ನಡೆಯುತ್ತದೆ, ಕಾಯಿಲ್ ತೊಳೆಸಿದ ಹೊಸತರಲ್ಲಿ ಮಾತ್ರ ಬೇಡ.

ನಾನು ನೆಚ್ಚಿಕೊಂಡಿರುವುದು ಮಳೆನೀರನ್ನು. 100 ಚದರ ಅಡಿ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 93 ಲೀಟರ್. ಸೋರಿ, ಚೆಲ್ಲಿ ಹೋಗುವುದನ್ನು ಕಳೆದರೂ 70 ಲೀಟರಿಗೆ ಮೋಸವಿಲ್ಲ. ಮೃಗಶಿರದ ಮೊದಲ ಮಳೆಗಳು ಮಾಳಿಗೆಯ ಧೂಳು ತೊಳೆಯಲಿ, ಆರಿದ್ರಾದಿಂದ ಹಿಡಿಯಿರಿ. ಆರು ಇಂಚಿನ ಕುಂಡಕ್ಕೆ ಬೇಸಿಗೆಯಲ್ಲಿ ದಿನ ಬಿಟ್ಟು ದಿನ 250 ಮಿ.ಲೀ. ಸಾಲುತ್ತದೆ. ಹತ್ತು ಕುಂಡ ಇದ್ದವರಿಗೆ 200 ಲೀಟರಿನ ಎರಡು ಡ್ರಮ್ ತುಂಬಿಟ್ಟರೆ ಮುಂದಿನ ಮಳೆಗಾಲದ ತನಕ ಚಿಂತೆಯಿಲ್ಲ. ಡ್ರಮ್ ನೆರಳಿನಲ್ಲಿರಲಿ, ಬಾಯಿಗೆ ಒತ್ತಾದ ಬಟ್ಟೆ ಕಟ್ಟಿ, ಇಲ್ಲವಾದರೆ ಸೊಳ್ಳೆ ಮೊಟ್ಟೆ ಇಡುತ್ತವೆ. ಲವಣ ಹೆಚ್ಚಾಗಿದೆಯೆಂಬುದನ್ನು ಗಿಡವೇ ತೋರಿಸುತ್ತದೆ: ಎಲೆಯ ತುದಿ ಕಂದುಗಟ್ಟುತ್ತದೆ, ಕುಂಡದಲ್ಲಿ ತುಂಬಿದ ಪಾಚಿಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಹೊಸ ಎಲೆ ಹಳೆಯದಕ್ಕಿಂತ ಚಿಕ್ಕದಾಗುತ್ತದೆ. ಆಗ ಕುಂಡದ ಅಳತೆಯ ಮೂರು ಪಟ್ಟು ಶುದ್ಧ ನೀರನ್ನು ನಿಧಾನವಾಗಿ ಸುರಿದು ಕೆಳಗಿನಿಂದ ಹರಿದುಹೋಗಲು ಬಿಡಬೇಕು.

ನಮ್ಮ ಎರಿಮಣ್ಣು ಹತ್ತಿಗೆ, ಕಡಲೆಗೆ, ಜೋಳಕ್ಕೆ ಬಂಗಾರ. ಹೂಜಿ ಗಿಡಕ್ಕೆ ಅದರ ಒಂದು ಮುಷ್ಟಿಯೂ ಬೇಡ. ಅದರಲ್ಲಿ ಸುಣ್ಣದ ಅಂಶವಿದೆ, ನೀರು ಕುಡಿದರೆ ಅಂಟಾಗಿ ಬೇರಿನ ಉಸಿರು ಕಟ್ಟಿಸುತ್ತದೆ. ಕೆಮ್ಮಣ್ಣು, ಎರೆಗೊಬ್ಬರ, ಸಗಣಿಗೊಬ್ಬರವೂ ಬೇಡ. ನನ್ನ ಮಿಶ್ರಣ: ಉದ್ದ ಎಳೆಯ ಸ್ಫ್ಯಾಗ್ನಮ್ ಪಾಚಿ 2 ಪಾಲು, ಪರ್ಲೈಟ್ (ಗಾಳಿಯಾಡಲು ಬೆರೆಸುವ ಹಗುರ ಬಿಳಿ ಹರಳು) 1 ಪಾಲು, ತೆಂಗಿನ ಸಿಪ್ಪೆಯ ತುಂಡು 1 ಪಾಲು. ಸಿಪ್ಪೆಯಲ್ಲಿ ಉಪ್ಪಿರುತ್ತದೆ. ರಾತ್ರಿಯಿಡೀ ನೆನೆಸಿ, ನೀರು ಬಸಿದು, ಬಸಿದ ನೀರಿನ ಟಿಡಿಎಸ್ ಹಾಕಿದ ನೀರಿನ ಹತ್ತಿರಕ್ಕೆ ಇಳಿಯುವ ತನಕ ಮತ್ತೆ ಮತ್ತೆ ತೊಳೆಯಬೇಕು. ಕುಂಡ ಪ್ಲಾಸ್ಟಿಕ್‌ನದಿರಲಿ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ಲವಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಾಚಿಯನ್ನು ಒತ್ತಿ ತುಂಬಬೇಡಿ. ತಟ್ಟೆಯಲ್ಲಿ ನೀರು ನಿಲ್ಲಿಸಿ ಕುಂಡ ಇಡುವುದು ಸರಸೀನಿಯಾದ ಪದ್ಧತಿ, ನೆಪೆಂಥಿಸ್‌ನ ಬೇರು ಹಾಗೆ ಇಟ್ಟರೆ ಕೊಳೆಯುತ್ತದೆ.

ಬೆಳಗಿನ ಎರಡು–ಮೂರು ತಾಸಿನ ಎಳೆಬಿಸಿಲು, ಆಮೇಲೆ ಶೇ. 50ರ ನೆರಳು ಬಲೆಯ ಕೆಳಗೆ ಬೆಳಕು: ಇಷ್ಟಿದ್ದರೆ ಎಲೆ ತಿಳಿಹಸಿರಾಗಿ, ಹೂಜಿ ಕೆಂಪೇರಿ ಬರುತ್ತದೆ. ಮನೆಯೊಳಗೆ ಟಿವಿ ಪಕ್ಕ ಇಟ್ಟರೆ ಎಲೆ ಕಡುಹಸಿರಾಗಿ ಉದ್ದವಾಗುತ್ತದೆಯೇ ವಿನಾ ಹೂಜಿ ಬಿಡುವುದಿಲ್ಲ.

ಹೂಜಿ ಎಂಬುದು ಎಲೆಯ ತುದಿಯೇ. ಎಲೆಯ ನಡುನರ ಮುಂದೆ ಚಾಚಿ ಬಳ್ಳಿಯಂತಾಗುತ್ತದೆ, ಅದರ ತುದಿಯಲ್ಲಿ ಜೀರಿಗೆಯಷ್ಟು ದೊಡ್ಡ ಮೊಗ್ಗು ಇರುತ್ತದೆ. ಅದು ಬಾಗಿ, ಮೇಲ್ಮುಖವಾಗಿ ಉಬ್ಬಿ, ಒಳಗೆ ರಸ ತುಂಬಿಕೊಂಡ ಮೇಲೆ ಮುಚ್ಚಳ ತೆರೆಯುತ್ತದೆ. ಮಾರ್ಚ್‌–ಮೇನಲ್ಲಿ ನಮ್ಮಲ್ಲಿ ಮಧ್ಯಾಹ್ನದ ತೇವಾಂಶ ಬಹಳ ಕೆಳಗಿಳಿಯುತ್ತದೆ. ಆಗ ಮೊದಲು ಸಾಯುವುದು ಆ ಮೊಗ್ಗು. ತುದಿ ಕಪ್ಪಾಗಿ ಸುರುಟಿತೆಂದರೆ ಆ ಎಲೆಯಲ್ಲಿ ಮತ್ತೆ ಹೂಜಿ ಬರುವುದಿಲ್ಲ, ಮುಂದಿನ ಎಲೆಗೆ ಕಾಯಬೇಕು. ಅದಕ್ಕೇ ಈ ಮೂರು ತಿಂಗಳು ಕುಂಡಗಳನ್ನು ಒತ್ತೊತ್ತಾಗಿ ಸೇರಿಸಿ, ತೇವದ ಮರಳು ಹರಡಿದ ಅಗಲ ತಟ್ಟೆಯ ಮೇಲೆ ಇಟ್ಟಿಗೆ ಇಟ್ಟು, ಇಟ್ಟಿಗೆಯ ಮೇಲೆ ಅವನ್ನು ಕೂರಿಸುತ್ತೇನೆ. ಗಾಳಿ ಬರುವ ಕಡೆಗೆ ಗೋಣಿತಾಟು ಕಟ್ಟಿ ದಿನಕ್ಕೆರಡು ಬಾರಿ ನೆನೆಸುತ್ತೇನೆ. ಎಲೆಯ ಮೇಲೆ ನೀರು ಸಿಂಪಡಿಸುವುದರಿಂದ ಸಿಗುವುದು ಹತ್ತು ನಿಮಿಷದ ತಂಪು, ಗೋಣಿಯದು ತಾಸುಗಟ್ಟಲೆ ಉಳಿಯುತ್ತದೆ. ಚಿಕ್ಕ ಗಿಡವಾದರೆ ಪಾರದರ್ಶಕ ಚೀಲಕ್ಕೆ ತೂತು ಮಾಡಿ ಹೊದಿಸಿದರೂ ಆದೀತು, ಆದರೆ ಬಿಸಿಲು ತಾಗದ ಕಡೆ.

ಹೊಸ ಗಿಡ ಕೊರಿಯರ್‌ನಲ್ಲಿ ಬರುವಾಗ ಹೂಜಿಯ ರಸ ಚೆಲ್ಲಿರುತ್ತದೆ. ಕಾಲು ಭಾಗ ಶುದ್ಧ ನೀರು ಹಾಕಿ. ಹಳೆಯ ಹೂಜಿಗಳು ಜಾಗ ಬದಲಾದ ಬೇಸರಕ್ಕೆ ಒಣಗಬಹುದು, ಗಾಬರಿ ಬೇಡ. ಪೂರ್ತಿ ಕಂದಾದ ಮೇಲಷ್ಟೇ ಕತ್ತರಿಸಿ, ಅಲ್ಲಿಯ ತನಕ ಅದು ಜೀರ್ಣಿಸುತ್ತಲೇ ಇರುತ್ತದೆ. ಮುಚ್ಚಳ ಹುಳ ಬಿದ್ದಾಗ ಮುಚ್ಚಿಕೊಳ್ಳುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅದು ಅಲುಗುವುದಿಲ್ಲ. ಅದರ ಕೆಲಸ ಮಳೆನೀರು ತಡೆಯುವುದು ಮತ್ತು ಮಕರಂದ ಸೂಸಿ ಇರುವೆಯನ್ನು ಕರೆಯುವುದು. ತೇವವಾದ ಅಂಚಿನಲ್ಲಿ ಕಾಲು ಜಾರಿತೆಂದರೆ ಒಳಗೋಡೆ ಹತ್ತಿ ಬರಲಾಗದೆ ಇರುವೆ ರಸಕ್ಕೆ ಬೀಳುತ್ತದೆ. ಡೆಂಗಿಯ ಹೆದರಿಕೆಗೆ ಸೊಳ್ಳೆ ಕಡಿಮೆಯಾಗಲಿ ಎಂದು ಈ ಗಿಡ ತರುವವರಿದ್ದಾರೆ. ಆ ಆಸೆ ಬೇಡ, ಸೊಳ್ಳೆಪರದೆಯೇ ಗತಿ. ಬಾಲ್ಕನಿಯಲ್ಲಿ ಇರುವೆ ತಾವಾಗಿ ಬರುತ್ತವೆ. ಬಾರದ ಕಡೆ ತಿಂಗಳಿಗೊಮ್ಮೆ ಒಂದೆರಡು ಹೂಜಿಗೆ ಅಕ್ವೇರಿಯಂ ಮೀನಿನ ಆಹಾರದ ಒಂದೆರಡು ಕಾಳು ಹಾಕಿದರೆ ಸಾಕು. ಮಾಂಸದ ತುಂಡು, ಹಾಲು, ಅನ್ನ ಹಾಕಿದರೆ ಹೂಜಿಯೇ ಕೊಳೆಯುತ್ತದೆ. ಬೇರಿಗೆ 19:19:19 ರಾಸಾಯನಿಕ ಗೊಬ್ಬರ ಖಂಡಿತ ಬೇಡ.

ಬೇಸಿಗೆಯ ಒಣಹವೆಗೆ ಹಿಟ್ಟು ತಿಗಣೆ, ಕೆಂಪು ನುಸಿ ಬರುತ್ತವೆ. ತಿಗಣೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ನುಸಿಗೆ ಎಲೆಯ ಅಡಿಭಾಗ ತೊಳೆಯಿರಿ.

ಬಳ್ಳಿ ಉದ್ದವಾದಾಗ ಕಡ್ಡಿ ನೆಡಲು ಆರಿದ್ರಾ–ಪುನರ್ವಸು ಮಳೆಯ ಕಾಲವೇ ತಕ್ಕದ್ದು. ಎರಡು–ಮೂರು ಗಿಣ್ಣಿನ ತುಂಡನ್ನು ಸ್ವಚ್ಛ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ, ಹಿಂಡಿದ ತೇವದ ಪಾಚಿಯಲ್ಲಿ ಒಂದು ಗಿಣ್ಣು ಹೂತು, ಚೀಲ ಹೊದಿಸಿ ನೆರಳಿನಲ್ಲಿಡಿ. ಬೇರಿಗೆ ಒಂದೂವರೆ–ಎರಡು ತಿಂಗಳು ಬೇಕು, ನಡುವೆ ಎಳೆದು ನೋಡಬೇಡಿ. ಪಾಚಿ ಕೊಳೆತು ಮೆತ್ತಗಾಗುವುದರಿಂದ ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸಬೇಕು. ಆಗ ಬೇರು ಕಪ್ಪಗೆ, ಕೂದಲಿನಂತೆ ತೆಳ್ಳಗೆ ಇರುವುದನ್ನು ಕಂಡು ಕೊಳೆತಿದೆಯೆಂದು ಕತ್ತರಿಸುವವರಿದ್ದಾರೆ. ಈ ಗಿಡದ ಬೇರಿನ ಬಣ್ಣವೇ ಕಪ್ಪು. ಎರಡು ಬೆರಳಿನಲ್ಲಿ ಮೆಲ್ಲಗೆ ಹಿಡಿದು ನೋಡಿ: ಗಟ್ಟಿಯಾಗಿದ್ದರೆ ಆರೋಗ್ಯವಾಗಿದೆ, ಮೇಲಿನ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಅಷ್ಟನ್ನು ಕತ್ತರಿಸಿ. ಉಳಿದುದನ್ನು ಬೇರಿಗಂಟಿದ ಪಾಚಿಯ ಸಮೇತ ಹೊಸ ಮಿಶ್ರಣಕ್ಕಿಟ್ಟು, ಎರಡು ವಾರ ಬಿಸಿಲಿನಿಂದ ದೂರವಿಡಿ.